ದೂರ ಅಳಿದದ್ದು ಯಾರ ಪಾಲಿಗೆ? ಗಿಗ್ ಕೆಲಸದ ಭೂಗೋಳ

ಗಿಗ್ ಕೆಲಸದ, ಅಂದರೆ ಆ್ಯಪ್ ಅಥವಾ ವೆಬ್‌ಸೈಟಿನ ಮೂಲಕ ಸಿಗುವ ಬಿಡಿ ಕೆಲಸದ, ಮಾತು ಬಂದಾಗಲೆಲ್ಲ ಒಂದೇ ಪದದೊಳಗೆ ಹಲವು ಬದುಕುಗಳು ಕಲಸಿಹೋಗುತ್ತವೆ. ಊಟದ ಪೊಟ್ಟಣ ಬೆನ್ನಿಗೇರಿಸಿಕೊಂಡು ಸಿಗ್ನಲ್‌ನಲ್ಲಿ ನಿಂತ ಬೈಕ್ ಸವಾರ ಗಿಗ್ ಕೆಲಸಗಾರ. ಮನಿಲಾದ ಕೋಣೆಯೊಂದರಲ್ಲಿ ಕೂತು ನ್ಯೂಯಾರ್ಕಿನ ಅಂಗಡಿಯ ಲೆಕ್ಕಪತ್ರ ಬರೆಯುವವಳೂ ಗಿಗ್ ಕೆಲಸಗಾರ್ತಿ. ನೈರೋಬಿಯಲ್ಲಿ ಫೋಟೊಗಳ ಮೇಲೆ ಇದು ಕಾರು, ಇದು ಮರ ಎಂದು ಗುರುತು ಹಾಕಿ ಯಂತ್ರಕ್ಕೆ ಕಲಿಸುವವರನ್ನೂ ಅದೇ ಗುಂಪಿಗೆ ಸೇರಿಸುತ್ತಾರೆ. ಕಾನೂನು ಬರೆಯುವಾಗ ಕಣ್ಣೆದುರು ಇರುವವರು ಒಬ್ಬರು, ಭಾಷಣದಲ್ಲಿ ಬರುವವರು ಇನ್ನೊಬ್ಬರು. ಹೀಗಾಗಿ ವಾದ ಎಲ್ಲಿ ಶುರುವಾಗಿ ಎಲ್ಲಿಗೆ ಬಂತು ಎಂದು ಹಿಂಬಾಲಿಸುವುದೇ ಕಷ್ಟವಾಗಿದೆ.

ಈ ಸಿಕ್ಕು ಬಿಡಿಸಲು ಒಂದು ಸರಳ ಪ್ರಶ್ನೆ ಸಾಕು. ಕೆಲಸ ಮಾಡುವವರು ಎಲ್ಲಿದ್ದಾರೆ, ಮಾಡಿಸುವವರು ಎಲ್ಲಿದ್ದಾರೆ? ಆಕ್ಸ್‌ಫರ್ಡ್ ಇಂಟರ್‌ನೆಟ್ ಇನ್‌ಸ್ಟಿಟ್ಯೂಟ್‌ನ ಮಾರ್ಕ್ ಗ್ರಹಾಂ ವರ್ಷಗಳಿಂದ ಬೆನ್ನು ಹತ್ತಿರುವುದು ಈ ಪ್ರಶ್ನೆಯನ್ನೇ. ಅವರು ಇಂಟರ್‌ನೆಟ್ ಭೂಗೋಳದ ಪ್ರಾಧ್ಯಾಪಕರು. ಇಂಟರ್‌ನೆಟ್‌ಗೆ ಎಂಥ ಭೂಗೋಳ ಎಂದು ಹುಬ್ಬೇರಿಸುವವರಿಗೆ ಅವರ ಸಂಶೋಧನೆಯೇ ಉತ್ತರ.

ಟೆಲಿಗ್ರಾಫ್ ಬಂದಾಗ, ಟೆಲಿಫೋನ್ ಬಂದಾಗ, ಉಪಗ್ರಹ ಹಾರಿದಾಗ, ಕೊನೆಗೆ ವೆಬ್ ಹರಡಿದಾಗ, ಪ್ರತಿ ಸಲವೂ ಇನ್ನು ದೂರವೆಂಬುದೇ ಇರುವುದಿಲ್ಲ ಎಂದು ಸಾರಿದವರಿದ್ದರು. 1990ರ ದಶಕದ ಕೊನೆಯ ಹೊತ್ತಿಗೆ ಇದು ಸರ್ಕಾರಗಳೂ ನೆಚ್ಚಿಕೊಂಡ ಮಾತಾಗಿತ್ತು. ಗ್ರಹಾಂ ಮೊದಲು ಮಾಡಿದ್ದು ಆ ಮಾತನ್ನು ನಕ್ಷೆಗೆ ಇಳಿಸಿ ನೋಡುವ ಕೆಲಸ. ವಿಕಿಪೀಡಿಯದಲ್ಲಿ ಸ್ಥಳದ ಗುರುತಿರುವ ಲೇಖನಗಳನ್ನು 2009ರಲ್ಲಿ ಅವರು ಭೂಪಟದ ಮೇಲೆ ಹರಡಿದರು. ಯುರೋಪು, ಉತ್ತರ ಅಮೆರಿಕ ಕಿಕ್ಕಿರಿದಿದ್ದವು. ಆಫ್ರಿಕಾ ಬಹುಪಾಲು ಖಾಲಿ. ಅಲ್ಲಿನ ಹೆಚ್ಚಿನ ದೇಶಗಳಿಗಿಂತ ಅಂಟಾರ್ಕ್ಟಿಕಾದ ಬಗ್ಗೆಯೇ ಹೆಚ್ಚು ಲೇಖನಗಳಿದ್ದವು. ಖಾಯಂ ವಾಸಿ ಒಬ್ಬನೂ ಇಲ್ಲದ ಹಿಮಖಂಡದ ಮಾತಿದು. ಯಾರು ಬೇಕಾದರೂ ಬರೆಯಬಹುದಾದ ವಿಶ್ವಕೋಶದಲ್ಲೂ ಬರೆಯುವವರು ಎಲ್ಲೋ ಕೆಲವು ಕಡೆ ಮಾತ್ರ ಇದ್ದರು.

ಅದೇ ವರ್ಷ ಪೂರ್ವ ಆಫ್ರಿಕಾದಲ್ಲಿ ಇನ್ನೊಂದು ಸಂಗತಿ ನಡೆಯುತ್ತಿತ್ತು. ಈ ಕಥೆಯ ತಿರುಳಿರುವುದು ಅಲ್ಲೇ ಎಂದು ನನಗನ್ನಿಸುವುದರಿಂದ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಸಮುದ್ರದಡಿಯ ಫೈಬರ್ ಕೇಬಲ್ ಇನ್ನೂ ಮುಟ್ಟದೆ ಉಳಿದಿದ್ದ ಜನಭರಿತ ಪ್ರದೇಶಗಳಲ್ಲಿ ಪೂರ್ವ ಆಫ್ರಿಕಾ ಬಹುತೇಕ ಕೊನೆಯದು. ಅಲ್ಲಿಯವರೆಗೆ ಹೊರಜಗತ್ತಿನ ಸಂಪರ್ಕವೆಲ್ಲ ಉಪಗ್ರಹದ ಮೂಲಕ. ಉಪಗ್ರಹ ಇರುವುದು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ. ಆಡಿದ ಮಾತು ಅಲ್ಲಿಗೆ ಏರಿ, ಇಳಿದು, ಅದರ ಉತ್ತರ ಮತ್ತೆ ಅದೇ ದಾರಿಯಲ್ಲಿ ಬರಲು ಅರ್ಧ ಸೆಕೆಂಡು ಬೇಕು. ಅರ್ಧ ಸೆಕೆಂಡು ಏನು ಮಹಾ ಎನ್ನಬಹುದು. ಕಾಲ್ ಸೆಂಟರಿನಲ್ಲಿ ಕೂತವರಿಗೆ ಅದೇ ದೊಡ್ಡದು. ನೀವು ಮಾತು ಮುಗಿಸುತ್ತೀರಿ, ಆ ಕಡೆ ಮೌನ. ಕೇಳಿಸಲಿಲ್ಲವೇನೋ ಎಂದು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಅವರ ಉತ್ತರ ಬಂದು ಬಡಿಯುತ್ತದೆ. ಇಬ್ಬರೂ ಒಟ್ಟಿಗೆ ನಿಲ್ಲಿಸುತ್ತೀರಿ, ಒಟ್ಟಿಗೆ ಶುರು ಮಾಡುತ್ತೀರಿ. ಗಿರಾಕಿಗೆ ಮೊದಲೇ ಸಿಟ್ಟು ಬಂದಿದ್ದರೆ ಕೆಲಸ ಕೆಟ್ಟಂತೆಯೇ.

ಹೀಗಾಗಿ ಮೊಂಬಾಸಾದ ತೀರಕ್ಕೆ ಕೇಬಲ್ ಬಂದದ್ದು ಹಬ್ಬದಂಥ ಸುದ್ದಿ. 2009ರ ಜುಲೈನಲ್ಲಿ ಸೀಕಾಂ ಕೇಬಲ್ ಶುರುವಾಯಿತು. ಕೀನ್ಯಾ ಸರ್ಕಾರವೇ ಪಾಲುಗೊಂಡು ಯುಎಇಯ ಫುಜೈರಾದಿಂದ ಎಳೆಸಿದ ಟೀಮ್ಸ್ ಕೇಬಲ್ ಅದರ ಬೆನ್ನಿಗೇ ಬಂತು. ಮರುವರ್ಷ ಈಸಿ ಎಂಬ ಮೂರನೆಯದು. ಇನ್ನು ನೈರೋಬಿಗೂ ಲಂಡನ್ನಿಗೂ ಅಂತರವಿಲ್ಲ, ಹೊರಗುತ್ತಿಗೆ ಕೆಲಸ ಹರಿದು ಬರುತ್ತದೆ, ಚಹಾ ಬೆಳೆದವನು ಮಧ್ಯವರ್ತಿಯ ಹಂಗು ತೊರೆಯುತ್ತಾನೆ ಎಂಬ ನಿರೀಕ್ಷೆ ಮೊಳೆಯಿತು.

ಗ್ರಹಾಂ ಮತ್ತು ಸಹೋದ್ಯೋಗಿಗಳು ಕೀನ್ಯಾ, ರುವಾಂಡಾಗಳಿಗೆ ಹೋಗಿ ಹೊರಗುತ್ತಿಗೆ, ಚಹಾ, ಪ್ರವಾಸೋದ್ಯಮ ಮೂರರಲ್ಲೂ ಏನಾಯಿತು ಎಂದು ವಿಚಾರಿಸಿದರು. ಸಂಪರ್ಕ ನಿಜಕ್ಕೂ ಸುಧಾರಿಸಿತ್ತು. ಆದರೆ ಕಾಲ್ ಸೆಂಟರ್ ಗುತ್ತಿಗೆ ಕೊಡುವ ಕಂಪನಿಗಳು ಅಷ್ಟರಲ್ಲಾಗಲೇ ಭಾರತ, ಫಿಲಿಪೀನ್ಸ್‌ಗಳಲ್ಲಿ ನೆಲೆ ಕಂಡುಕೊಂಡಿದ್ದವು. ಹೊಸಬರಿಗೆ ಕೇಬಲ್ ಇತ್ತು, ಪರಿಚಯ ಇರಲಿಲ್ಲ. ಉಳಿದ ಎರಡರಲ್ಲೂ ಬಂಡವಾಳ, ಸಂಪರ್ಕ ಮೊದಲೇ ಇದ್ದವರು ಇಂಟರ್‌ನೆಟ್ಟಿನಿಂದ ಇನ್ನಷ್ಟು ಗಟ್ಟಿಯಾದರು. ಕೇಬಲ್ ಬಂದರೆ ಸಾಕು, ಮಿಕ್ಕದ್ದೆಲ್ಲ ತಾನಾಗಿ ಆಗುತ್ತದೆ ಎಂದು ಇವತ್ತಿಗೂ ನಂಬುವವರು ಆ ಅಧ್ಯಯನಗಳನ್ನು ಒಮ್ಮೆ ಓದಬೇಕು.

ಮುಂದಿನ ಹಂತದಲ್ಲಿ ಕಂಪನಿಯ ಕಟ್ಟಡವೇ ಬೇಡವಾಯಿತು. ಬಿಡಿ ಕೆಲಸಗಳನ್ನು ಹರಾಜಿಗಿಡುವ ಆನ್‌ಲೈನ್ ಪ್ಲಾಟ್‌ಫಾರ್ಮ್‌ಗಳು ಈ ಶತಮಾನದ ಆರಂಭದಿಂದಲೇ ಇದ್ದವು. ಅಮೆಜಾನಿನ ಮೆಕ್ಯಾನಿಕಲ್ ಟರ್ಕ್ ಬಂದದ್ದು 2005ರಲ್ಲಿ. ಅನುವಾದ, ಟೈಪಿಂಗ್, ಲೋಗೊ ವಿನ್ಯಾಸ, ಏನೇ ಇರಲಿ, ಗಿರಾಕಿ ಕೆಲಸ ಹಾಕುತ್ತಾನೆ, ಜಗತ್ತಿನ ಎಲ್ಲೆಡೆಯಿಂದ ದರ ಕೂಗುತ್ತಾರೆ. ಗ್ರಹಾಂ ಅವರ ತಂಡ ಆಗ್ನೇಯ ಏಷ್ಯಾ ಮತ್ತು ಸಹಾರಾದ ದಕ್ಷಿಣದ ಆಫ್ರಿಕಾದ ಆರು ದೇಶಗಳಲ್ಲಿ 107 ಜನರನ್ನು ಕೂರಿಸಿಕೊಂಡು ಮಾತಾಡಿಸಿತು, 679 ಜನರ ಸಮೀಕ್ಷೆ ನಡೆಸಿತು. 2019ರಲ್ಲಿ ಪ್ರಕಟವಾದ ಆ ಅಧ್ಯಯನ ಒಳಿತನ್ನು ಮುಚ್ಚಿಟ್ಟಿಲ್ಲ. ಸ್ವಾತಂತ್ರ್ಯವಿದೆ, ಕೆಲಸದಲ್ಲಿ ವೈವಿಧ್ಯವಿದೆ ಎಂದಿದೆ. ಜೊತೆಗೇ ಕಡಿಮೆ ಕೂಲಿ, ಒಂಟಿತನ, ಹೊತ್ತುಗೊತ್ತಿಲ್ಲದ ದುಡಿಮೆ, ನಿದ್ದೆಗೇಡು ಎಂಬುದನ್ನೂ ದಾಖಲಿಸಿದೆ.

ನಿದ್ದೆಗೇಡು ಯಾಕೆ ಎಂಬುದು ಗಡಿಯಾರ ನೋಡಿದರೆ ತಿಳಿಯುತ್ತದೆ. ಬೇಸಿಗೆಯಲ್ಲಿ ನ್ಯೂಯಾರ್ಕಿನ ಬೆಳಗಿನ ಒಂಬತ್ತು ಎಂದರೆ ಮನಿಲಾದ ರಾತ್ರಿ ಒಂಬತ್ತು. ಗಿರಾಕಿಯ ಕಚೇರಿ ಮುಚ್ಚುವಾಗ ಮನಿಲಾದಲ್ಲಿ ನಸುಕಿನ ಐದು. ಗಂಟೆ ಲೆಕ್ಕದ ಕೆಲಸವಾದರೆ ಕೆಲವು ಪ್ಲಾಟ್‌ಫಾರ್ಮ್‌ಗಳ ಸಾಫ್ಟ್‌ವೇರ್ ಹತ್ತು ನಿಮಿಷಕ್ಕೊಮ್ಮೆ ಪರದೆಯ ಚಿತ್ರ ತೆಗೆದು ಗಿರಾಕಿಗೆ ತೋರಿಸುತ್ತದೆ. ಕೀಲಿ ಎಷ್ಟು ಸಲ ಒತ್ತಿದರು, ಮೌಸ್ ಎಷ್ಟು ಆಡಿತು ಎಂಬ ಲೆಕ್ಕವೂ ಅದರಲ್ಲಿರುತ್ತದೆ. ಇಷ್ಟಾಗಿ, ಕೆಲಸ ಹುಡುಕಲು ಕಳೆದ ಗಂಟೆಗಳಿಗೆ ಯಾರೂ ಕಾಸು ಕೊಡುವುದಿಲ್ಲ.

ಇನ್ನೂ ಒಂದು ಬೆಳವಣಿಗೆಯಿದೆ. ಒಳ್ಳೆಯ ರೇಟಿಂಗ್ ಇದ್ದವರಿಗೇ ಕೆಲಸ ಸಿಗುತ್ತದೆ, ಹೊಸಬರಿಗೆ ರೇಟಿಂಗೇ ಇಲ್ಲ. ಆದ್ದರಿಂದ ಹೆಸರು ಮಾಡಿದವರು ತಮ್ಮ ಖಾತೆಯಲ್ಲಿ ಕೆಲಸ ಹಿಡಿದು, ಕಡಿಮೆ ದರಕ್ಕೆ ಇನ್ನೊಬ್ಬರಿಗೆ ವಹಿಸಿ, ನಡುವಿನ ಹಣ ಇಟ್ಟುಕೊಳ್ಳುವ ಪದ್ಧತಿ ಬೆಳೆಯಿತು. ಇಂಟರ್‌ನೆಟ್ ಅಳಿಸುತ್ತದೆ ಎಂದುಕೊಂಡಿದ್ದ ಮಧ್ಯವರ್ತಿ ಇಂಟರ್‌ನೆಟ್ಟಿನೊಳಗೇ ಹುಟ್ಟಿಕೊಂಡ. ದೇಶದ ಹೆಸರು ಕಂಡರೆ ಗಿರಾಕಿ ಹಿಂಜರಿಯುತ್ತಾನೆಂದು ತಾವಿರುವ ಜಾಗವನ್ನೇ ಮರೆಮಾಚುವವರೂ ಇದ್ದಾರೆ.

2019ರಲ್ಲೇ ಗ್ರಹಾಂ, ಮೊಹಮ್ಮದ್ ಅಮೀರ್ ಅನ್ವರ್ ಅವರೊಂದಿಗೆ ಬರೆದ ಪ್ರಬಂಧವೊಂದರಲ್ಲಿ ಇದನ್ನೆಲ್ಲ ಭೂಮಂಡಲದ ಕೂಲಿ ಮಾರುಕಟ್ಟೆ ಎಂಬ ಪರಿಕಲ್ಪನೆಯಡಿ ಚರ್ಚಿಸಿದರು. ಗಿರಾಕಿ ಒಂದೇ ಪರದೆಯಲ್ಲಿ ಹತ್ತು ದೇಶಗಳ ದರ ಹೋಲಿಸಬಲ್ಲ. ಕೆಲಸಗಾರ್ತಿ ಮಾತ್ರ ತನ್ನ ಊರಿನ ಬಾಡಿಗೆ, ಕರೆಂಟು, ಮಕ್ಕಳ ಶಾಲೆಗೆ ಕಟ್ಟುಬಿದ್ದಿದ್ದಾಳೆ. ಪಕ್ಕದ ದೇಶದಲ್ಲಿ ಇನ್ನೂ ಕಡಿಮೆಗೆ ಒಪ್ಪುವವರಿದ್ದಾರೆ ಎಂಬುದು ಅವಳಿಗೂ ಗೊತ್ತು. ದರ ಇಳಿಸಲು ಯಾರೂ ಕೂತು ಸಂಚು ಮಾಡಬೇಕಾಗಿಲ್ಲ, ವ್ಯವಸ್ಥೆಯ ರಚನೆಯೇ ಆ ಕೆಲಸ ಮಾಡುತ್ತದೆ.

ಗ್ರಹಾಂ ಅಧ್ಯಯನದಿಂದ ತಿದ್ದುಪಡಿಯ ಕಡೆಗೆ ತಿರುಗಿದ್ದು 2018ರಲ್ಲಿ, ಫೇರ್‌ವರ್ಕ್ ಯೋಜನೆಯೊಂದಿಗೆ. ಕೂಲಿ, ಕೆಲಸದ ಪರಿಸ್ಥಿತಿ, ಕರಾರು, ನಿರ್ವಹಣೆ, ಪ್ರಾತಿನಿಧ್ಯ ಎಂಬ ಐದು ತತ್ವಗಳಡಿ ಪ್ಲಾಟ್‌ಫಾರ್ಮ್‌ಗಳಿಗೆ ಹತ್ತಕ್ಕೆ ಎಷ್ಟು ಎಂದು ಅಂಕ ಕೊಡುತ್ತಾರೆ. ಕಂಪನಿ ಹೇಳಿಕೊಂಡರೆ ಅಂಕವಿಲ್ಲ, ಪುರಾವೆ ಬೇಕು. ಕೆಲಸಗಾರರನ್ನೂ ಕೇಳುತ್ತಾರೆ. ಮೊದಲ ಅಂಕಪಟ್ಟಿಗಳು 2019ರಲ್ಲಿ ದಕ್ಷಿಣ ಆಫ್ರಿಕಾ ಮತ್ತು ಭಾರತದಲ್ಲಿ ಬಂದವು. ಭಾರತದ ಅಧ್ಯಯನ ಬೆಂಗಳೂರಿನ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯದು (ಐಐಐಟಿ). ಬಿಡಿ ಬಿಡಿಯಾಗಿ ಕೇಳುತ್ತಿದ್ದ ದೂರುಗಳು ಹೋಲಿಸಬಹುದಾದ ಅಂಕಿಗಳಾದದ್ದು ಸಣ್ಣ ಸಾಧನೆಯೇನಲ್ಲ.

ಕೋರ್ಟು, ಸರ್ಕಾರಗಳೂ ಅಲುಗಾಡಿವೆ. ಟ್ಯಾಕ್ಸಿ ಆ್ಯಪ್ ಚಾಲಕರಿಗೆ ಕನಿಷ್ಠ ವೇತನ, ಸಂಬಳಸಹಿತ ರಜೆಯ ಹಕ್ಕಿದೆ ಎಂದು ಬ್ರಿಟನ್ನಿನ ಸುಪ್ರೀಂ ಕೋರ್ಟ್ 2021ರ ಫೆಬ್ರವರಿಯಲ್ಲಿ ಹೇಳಿತು. ಐರೋಪ್ಯ ಒಕ್ಕೂಟ 2024ರಲ್ಲಿ ಪ್ಲಾಟ್‌ಫಾರ್ಮ್ ಕೆಲಸದ ನಿರ್ದೇಶನ ಅಂಗೀಕರಿಸಿತು. ಸದಸ್ಯ ದೇಶಗಳು ಅದನ್ನು ಕಾನೂನಾಗಿಸಲು 2026ರ ಡಿಸೆಂಬರ್ 2 ಗಡುವು. ಬೈಕ್ ಸವಾರನಿಗೆ ಇವೆಲ್ಲ ನೆರವಾಗಬಹುದು, ಏಕೆಂದರೆ ಅವನು, ಅವನ ಗಿರಾಕಿ, ಕಾನೂನು ಮೂರೂ ಒಂದೇ ಊರಿನಲ್ಲಿವೆ. ಐರೋಪ್ಯ ನಿರ್ದೇಶನಕ್ಕೆ ಪ್ಲಾಟ್‌ಫಾರ್ಮಿನ ಕಚೇರಿ ಎಲ್ಲಿದ್ದರೂ ಚಿಂತೆಯಿಲ್ಲ, ಆದರೆ ಕೆಲಸ ನಡೆಯುವುದು ಒಕ್ಕೂಟದ ಒಳಗೇ ಆಗಿರಬೇಕು. ಪ್ಯಾರಿಸ್ಸಿನ ಗಿರಾಕಿಗಾಗಿ ನೈರೋಬಿಯಲ್ಲಿ ರಾತ್ರಿ ಕೂತು ಚಿತ್ರಗಳಿಗೆ ಗುರುತು ಹಾಕುವವರು ಅದರ ಹೊರಗೆ ಉಳಿದಿದ್ದಾರೆ.