ತಪ್ಪು ಅಚ್ಚಿನಲ್ಲಿ, ಕ್ಷಮೆ ಫೋನಿನಲ್ಲಿ: ಉತ್ತರ ಕನ್ನಡದ ಸುದ್ದಿ ಮತ್ತು ಅದರ ತಿದ್ದುಪಡಿ

ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಶಿರೂರು ಎರಡಿವೆ. ಒಂದು ಅಂಕೋಲಾ ತಾಲ್ಲೂಕಿನದು, 2024ರ ಜುಲೈ 16ರಂದು ಗುಡ್ಡ ಕುಸಿದ ಜಾಗ. ಇನ್ನೊಂದು ಉಡುಪಿ ಜಿಲ್ಲೆಯ ಬೈಂದೂರು ತಾಲ್ಲೂಕಿನದು. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಮಗುಚಿ ನಾಲ್ವರು ಸತ್ತದ್ದು ಅಲ್ಲಿನ ಟೋಲ್‌ಗೇಟಿನಲ್ಲಿ. ಭಟ್ಕಳದವರಿಗೆ ಈ ವ್ಯತ್ಯಾಸ ಹೇಳಿಕೊಡಬೇಕಿಲ್ಲ. ಬೆಂಗಳೂರಿನ ಪತ್ರಿಕಾ ಕಚೇರಿಯ ಡೆಸ್ಕಿನಲ್ಲಿ ರಾತ್ರಿ ಪಾಳಿಯಲ್ಲಿ ಕೂತವರಿಗೆ ಹೇಳಬೇಕಾಗುತ್ತದೆ.

ಹೆಸರುಗಳ ಕತೆಯೂ ಇದೇ. ಅಂಕೋಲೆ ಕಡೆ ‘ನಾಯಕ’ ಎಂದರೆ ಸಾಮಾನ್ಯವಾಗಿ ನಾಡವರ ಮನೆ, ‘ನಾಯ್ಕ’ ಎಂದರೆ ಹೆಚ್ಚಾಗಿ ನಾಮಧಾರಿಗಳು. ಅಚ್ಚಿನಲ್ಲಿ ಅರ್ಧ ಅಕ್ಷರ ತಪ್ಪಿದರೂ ಮನುಷ್ಯನ ಸಮುದಾಯವೇ ಬದಲಾಗಿಬಿಡುತ್ತದೆ. ಹೊಡೆದಾಟದ ಸುದ್ದಿಯಲ್ಲಿ, ಚುನಾವಣೆಯ ಸುದ್ದಿಯಲ್ಲಿ ಇದು ಸಣ್ಣ ಕಾಗುಣಿತ ದೋಷವಾಗಿ ಉಳಿಯುವುದಿಲ್ಲ.

ಇಂಥ ತಪ್ಪು ಸರಿಯಾಗುವುದು ಹೇಗೆ? ನಮ್ಮ ಜಿಲ್ಲೆಯಲ್ಲಿ ಬಹುಪಾಲು ಫೋನಿನಲ್ಲಿ. ಸಿರಸಿಯಲ್ಲೋ ಸಿದ್ದಾಪುರದಲ್ಲೋ ಸುದ್ದಿಗಾರ ಯಾರೆಂದು ಎಲ್ಲರಿಗೂ ಗೊತ್ತು. ಆತ ತೋಟ ಮಾಡಿಕೊಂಡಿರುತ್ತಾನೆ, ಇಲ್ಲವೇ ಅಂಗಡಿ ಇಟ್ಟಿರುತ್ತಾನೆ. ಪತ್ರಿಕೆ ಕೊಡುವ ಗೌರವಧನದಲ್ಲಿ ಸಂಸಾರ ನಡೆಯುವುದಿಲ್ಲ. ಬೆಳಿಗ್ಗೆ ಪೇಪರ್ ಬಿಡಿಸಿದವರು ನೇರ ಅವನಿಗೇ ಫೋನು ಹಚ್ಚುತ್ತಾರೆ, “ಎಂತ ಮಾರಾಯಾ, ಹಿಂಗೆ ಬರದ್ಯಲಾ?” ಎಂದು. ಆತ ಬೇಜಾರು ಮಾಡ್ಕಳಡಿ ಅನ್ನುತ್ತಾನೆ. ಮುಂದಿನ ವಾರ ಅದೇ ಸಂಘದ ಕಾರ್ಯಕ್ರಮದ ಫೋಟೊ ಕೊಂಚ ದೊಡ್ಡದಾಗಿ ಬರುತ್ತದೆ. ಅಲ್ಲಿಗೆ ರಾಜಿ.

ಈ ರಾಜಿಯನ್ನು ಹಗುರವಾಗಿ ಕಾಣಲಾರೆ. ದೆಹಲಿಯ ಯಾವ ಪತ್ರಿಕಾ ಮಂಡಳಿಯೂ ಕೊಡದಷ್ಟು ಬೇಗ ಸಮಾಧಾನ ಸಿಗುವುದು ಇಲ್ಲಿಯೇ. ಜಿಲ್ಲೆಯ ಪತ್ರಿಕೆಗಳ ಮೇಲೆ ಜನರಿಗೆ ಇವತ್ತಿಗೂ ಒಂದಿಷ್ಟು ನಂಬಿಕೆ ಉಳಿದಿದ್ದರೆ, ಬರೆದವನು ಸಂತೆಯಲ್ಲಿ ಎದುರಿಗೆ ಸಿಗುತ್ತಾನೆ ಎಂಬುದೂ ಅದಕ್ಕೆ ಕಾರಣ. ಆದರೆ ಫೋನು ಮಾಡಿದವನಿಗೆ ಸಮಾಧಾನವಾಯಿತು, ಓದಿದ ಉಳಿದವರಿಗೆ? ಅವರ ತಲೆಯಲ್ಲಿ ಹಳೆಯ ಸುದ್ದಿಯೇ ಕೂತಿದೆ. ಕಡತದಲ್ಲೂ ಅದೇ ಇದೆ.

ಈ ಪದ್ಧತಿ ಬೆಳೆದದ್ದಕ್ಕೆ ಭೂಗೋಳವೂ ಒಂದು ಕಾರಣ. ಮೊದಲ ಕನ್ನಡ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಹೊರಟದ್ದು ಕೆನರಾ ಇನ್ನೂ ಒಂದೇ ಜಿಲ್ಲೆಯಾಗಿದ್ದಾಗ. 1862ರಲ್ಲಿ ಉತ್ತರ ಭಾಗ ಮುಂಬಯಿ ಪ್ರಾಂತಕ್ಕೆ ಸೇರಿತು. ಅಂದಿನಿಂದ ಕಾರವಾರದ ಕಣ್ಣು ಮುಂಬಯಿ, ಬೆಳಗಾವಿ, ಹುಬ್ಬಳ್ಳಿ ಕಡೆಗೆ. ಕುಮಟಾ, ಕಾರವಾರ, ಹೊನ್ನಾವರ, ಸಿರಸಿಗಳಲ್ಲಿ ಊರಿನದೇ ಪತ್ರಿಕೆಗಳು ಹುಟ್ಟಿದವಾದರೂ ದೊಡ್ಡ ಪತ್ರಿಕೆ ಯಾವಾಗಲೂ ಘಟ್ಟದಾಚೆ ಅಚ್ಚಾಗಿ ಬರುವಂಥದ್ದೇ. ಸುದ್ದಿಗಾರರು ಕವರಿಗೆ ಹಾಕಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಕಳಿಸುತ್ತಿದ್ದರು, ತುರ್ತಿದ್ದರೆ ಟ್ರಂಕ್ ಕಾಲ್ ಹಾಕಿ ಓದಿ ಹೇಳುತ್ತಿದ್ದರು. ಆಚೆ ಬರೆದುಕೊಳ್ಳುವವನ ಕಿವಿಗೆ ಉಳವಿ, ಉಳವರೆ ಎಂಬ ಊರುಗಳೆರಡೂ ಒಂದೇ. ಆಮೇಲೆ ಬಂತು ಆವೃತ್ತಿಗಳ ಗೊಂದಲ. ಘಟ್ಟದ ಮೇಲಿನ ಓದುಗರಿಗೆ ಹುಬ್ಬಳ್ಳಿ ಮುದ್ರಣ, ದಕ್ಷಿಣದ ಕರಾವಳಿಗೆ ಮಂಗಳೂರು ಅಥವಾ ಮಣಿಪಾಲದ್ದು. ತಪ್ಪು ರಾಜ್ಯ ಪುಟದಲ್ಲಿ ಬಂದು ತಿದ್ದುಪಡಿ ಜಿಲ್ಲೆಯ ಒಳಪುಟದಲ್ಲಿ ಬಂದರೆ, ಎರಡನ್ನೂ ಕಂಡವರು ಎಷ್ಟು ಮಂದಿ?

ಕಾನೂನಿನ ದಾರಿ ಚಿಕ್ಕದು. 1867ರ ಪತ್ರಿಕಾ ನೋಂದಣಿ ಕಾಯ್ದೆ ಮುದ್ರಕರು, ಪ್ರಕಾಶಕರು ಯಾರೆಂದು ಪತ್ರಿಕೆಯಲ್ಲೇ ಅಚ್ಚು ಹಾಕಬೇಕು ಎಂದಿತು. ಮೊದಲ ಪತ್ರಿಕಾ ಆಯೋಗದ ಶಿಫಾರಸಿನಂತೆ 1966ರಲ್ಲಿ ಭಾರತೀಯ ಪತ್ರಿಕಾ ಮಂಡಳಿ ಬಂತು. ತುರ್ತು ಪರಿಸ್ಥಿತಿಯಲ್ಲಿ ಅದನ್ನೇ ರದ್ದು ಮಾಡಿದರು, 1978ರ ಕಾಯ್ದೆಯಿಂದ ಮತ್ತೆ ಜೀವ ಬಂತು. ತಪ್ಪು ಖಚಿತವಾದರೆ ಪತ್ರಿಕೆ ತಾನಾಗಿಯೇ, ತಡಮಾಡದೆ, ಎದ್ದು ಕಾಣುವಂತೆ ತಿದ್ದುಪಡಿ ಹಾಕಬೇಕು, ಗಂಭೀರ ಲೋಪವಾದರೆ ವಿಷಾದವನ್ನೂ ಹೇಳಬೇಕು ಎಂಬುದು ಮಂಡಳಿಯ ನೀತಿ ನಿಯಮಗಳಲ್ಲಿದೆ. ದೂರು ಕೊಡುವವರು ಮೊದಲು ಸಂಪಾದಕರಿಗೆ ಬರೆದಿರಬೇಕು. ದಿನಪತ್ರಿಕೆ, ವಾರಪತ್ರಿಕೆಗಳ ಮೇಲಾದರೆ ಎರಡು ತಿಂಗಳೊಳಗೆ ದೂರು ಹೋಗಬೇಕು. ಮಂಡಳಿ ಎಚ್ಚರಿಸಬಹುದು, ಖಂಡಿಸಬಹುದು. ದಂಡ ಹಾಕುವಂತಿಲ್ಲ. ಟಿ.ವಿ. ಅದರ ವ್ಯಾಪ್ತಿಗೇ ಬರುವುದಿಲ್ಲ.

ಕನ್ನಡದಲ್ಲಿ ‘ವಿಷಾದಿಸುತ್ತೇವೆ’ ಎಂಬ ಎರಡು ಸಾಲಿನ ಚೌಕ ಹಳೆಯದೇ. ಇಂಗ್ಲಿಷಿನಲ್ಲಿ ‘ದಿ ಹಿಂದೂ’ 2006ರಲ್ಲಿ ಓದುಗರ ದೂರು ಕೇಳುವ ‘ಓದುಗರ ಸಂಪಾದಕ’ರನ್ನೇ ನೇಮಿಸಿ ಪ್ರತಿದಿನ ತಪ್ಪುಗಳನ್ನು ಪಟ್ಟಿ ಮಾಡತೊಡಗಿತು. ನಮ್ಮ ಕಡೆ ಅದು ರೂಢಿಯಾಗಲಿಲ್ಲ. ತಪ್ಪು ಒಪ್ಪಿಕೊಂಡರೆ ಮರ್ಯಾದೆ ಹೋಗುತ್ತದೆ ಎಂಬ ಅಂಜಿಕೆ ಡೆಸ್ಕುಗಳಲ್ಲಿ ಬಲವಾಗಿದೆ. ಓದುಗನ ಲೆಕ್ಕವೇ ಬೇರೆ ಎಂದು ನನ್ನ ಅನಿಸಿಕೆ. ಯಾವತ್ತೂ ತಿದ್ದಿಕೊಳ್ಳದ ಪತ್ರಿಕೆಯನ್ನು ಆತ ಎಂದೋ ಅರ್ಧ ನಂಬಲು ಕಲಿತಿದ್ದಾನೆ.

ಆ ಅರ್ಧ ನಂಬಿಕೆಗೆ ಅಣು ವಿದ್ಯುತ್ ಸ್ಥಾವರವಿರುವ ಕೈಗಾ ಒಳ್ಳೆಯ ಉದಾಹರಣೆ. 1994ರ ಮೇ 13ರಂದು ಅಲ್ಲಿ ಕಟ್ಟಲಾಗುತ್ತಿದ್ದ ಸ್ಥಾವರದ ಗುಮ್ಮಟದ ಒಳಪದರದ ಕಾಂಕ್ರೀಟ್ ಕಳಚಿ ಬಿತ್ತು. ಹದಿನೈದು ವರ್ಷದ ಮೇಲೆ, 2009ರ ನವೆಂಬರ್ ಕೊನೆಯಲ್ಲಿ, ಐವತ್ತರಷ್ಟು ನೌಕರರ ಮೂತ್ರ ಪರೀಕ್ಷೆಯಲ್ಲಿ ವಿಕಿರಣ ಸೂಸುವ ಟ್ರಿಟಿಯಂ ಹೆಚ್ಚಿರುವುದು ಗೊತ್ತಾಯಿತು. ‘ವಿಕಿರಣ ಸೋರಿಕೆ’ ಎಂದು ಸುದ್ದಿ ಹರಡಿತು. ಸ್ಥಾವರದಿಂದ ಏನೂ ಸೋರಿಲ್ಲ, ಯಾರೋ ಒಳಗಿನವರೇ ಕುಡಿಯುವ ನೀರಿನ ಕೂಲರಿಗೆ ಟ್ರಿಟಿಯಂ ಇರುವ ಭಾರಜಲ ಬೆರೆಸಿದ್ದಾರೆ ಎಂದು ಅಣುಶಕ್ತಿ ಇಲಾಖೆ ಹೇಳಿತು. ಸೋರಿಕೆಯೇ ಬೇರೆ, ಕಿಡಿಗೇಡಿತನವೇ ಬೇರೆ, ತಿದ್ದಲೇಬೇಕಾದ ಸಂಗತಿ. ಆದರೆ ಆ ತಿದ್ದುಪಡಿ ಬಂದದ್ದು ನಾಲ್ಕೈದು ದಿನ ಬಾಯಿಬಿಡದಿದ್ದ ಇಲಾಖೆಯಿಂದ. ಸ್ಥಾವರದ ಹತ್ತಿರದ ಕದ್ರಾ, ಮಲ್ಲಾಪುರದ ಕಡೆಯವರು ಯಾರನ್ನು ನಂಬಬೇಕಿತ್ತು? ಮಾಹಿತಿ ಬಚ್ಚಿಟ್ಟವರೇ ತಪ್ಪು ತೋರಿಸಲು ಬಂದಾಗ ಸರಿಯಾದ ಮಾತೂ ನೆಪದಂತೆ ಕೇಳಿಸುತ್ತದೆ.

ಅದಕ್ಕಿಂತ ಕಹಿಯಾದದ್ದು 2017ರ ಡಿಸೆಂಬರ್. ಹೊನ್ನಾವರದಲ್ಲಿ ಕಾಣೆಯಾಗಿದ್ದ ಯುವಕನ ಶವ ಕೆರೆಯಲ್ಲಿ ಸಿಕ್ಕಿತು. ಚಿತ್ರಹಿಂಸೆ ಕೊಟ್ಟು, ಕಾದ ಎಣ್ಣೆ ಸುರಿದು ಕೊಂದಿದ್ದಾರೆ ಎಂಬ ಮಾತು ಮೊಬೈಲುಗಳಲ್ಲಿ ಓಡಿತು, ಸ್ಟುಡಿಯೊಗಳಲ್ಲಿ ಚರ್ಚೆಯಾಯಿತು. ಮರಣೋತ್ತರ ಪರೀಕ್ಷೆ ಮಾಡಿದ ವಿಧಿವಿಜ್ಞಾನ ತಜ್ಞರು ಪೊಲೀಸರ ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರಿಸಿ ಅಂಥ ಗಾಯಗಳಿಲ್ಲ ಎಂದರು. ಆ ಉತ್ತರಗಳನ್ನು ಪೊಲೀಸರು ಬಿಡುಗಡೆ ಮಾಡಿದರೂ ಗಲಭೆಯ ಬೆಂಕಿ ನಿಲ್ಲಲಿಲ್ಲ. ಕುಮಟಾದಲ್ಲಿ ಐಜಿಪಿಯವರ ವಾಹನ ಸುಟ್ಟಿತು, ಸಿರಸಿಯಲ್ಲಿ ಕಲ್ಲು ಹಾರಿದವು. 2022ರ ಅಕ್ಟೋಬರ್‌ನಲ್ಲಿ ಸಿಬಿಐ ಇದು ಆಕಸ್ಮಿಕ ಸಾವು ಎಂದು ಹೊನ್ನಾವರದ ನ್ಯಾಯಾಲಯಕ್ಕೆ ವರದಿ ಕೊಟ್ಟಿತು. ಅದನ್ನು ಒಪ್ಪದವರು ಇಂದಿಗೂ ಇದ್ದಾರೆ. ಸಿಬಿಐ ವರದಿ ಎಲ್ಲ ಕಡೆ ಸುದ್ದಿಯಾಯಿತು, ಅದು ಬೇರೆ ಮಾತು. ಐದು ವರ್ಷದ ಹಿಂದೆ ನಾವೇನು ಹೇಳಿದ್ದೆವು ಎಂದು ಹಳೆಯ ಪುಟ ತೆಗೆದು ಪಕ್ಕದಲ್ಲಿಟ್ಟು ತೋರಿಸುವ ಅಭ್ಯಾಸ ನಮ್ಮ ಮಾಧ್ಯಮಕ್ಕೆ ಇಲ್ಲ. ಫೋನಿನ ರಾಜಿ ಇಲ್ಲಿ ಯಾವ ಉಪಯೋಗಕ್ಕೂ ಬರಲಿಲ್ಲ. ಇಡೀ ಜಿಲ್ಲೆಗೆ ಹೇಳಬೇಕಾದ ಮಾತನ್ನು ಯಾರ ನಂಬರಿಗೆಂದು ಹೇಳುವುದು?

ಶಿರೂರಿನ ಗುಡ್ಡ ಕುಸಿದಾಗ ಕ್ಯಾಮೆರಾಗಳು ಗಂಗಾವಳಿ ನದಿಯ ದಂಡೆಯಲ್ಲೇ ಬೀಡುಬಿಟ್ಟವು. ಕೇರಳದ ಚಾಲಕನ ಲಾರಿ ಹೆದ್ದಾರಿಯ ಮಣ್ಣಿನಡಿ ಇದೆ, ಅವನ ಫೋನ್ ರಿಂಗಾಗಿದೆ, ಎಂಜಿನ್ ಚಾಲೂ ಆಗಿದೆ ಎಂಬ ಸುದ್ದಿಗಳು ಮೊದಲ ವಾರವಿಡೀ ಹರಿದವು. ಮನೆಯವರ ಆಸೆಯನ್ನು ಬರೆಯುವುದು ತಪ್ಪಲ್ಲ, ಆಸೆಯನ್ನೇ ಸಂಗತಿ ಎಂದು ಬರೆದದ್ದು ತಪ್ಪು. ಲಾರಿ ನದಿಯಲ್ಲಿದೆ ಎಂದು ಆಮೇಲೆ ಗೊತ್ತಾಯಿತು. ಸೆಪ್ಟೆಂಬರ್ 25ರಂದು, 72ನೇ ದಿನ, ಅದನ್ನು ಮೇಲೆತ್ತಿದಾಗ ಕ್ಯಾಬಿನ್ನಿನಲ್ಲಿ ಶವವಿತ್ತು. ಇದೇ ಹೊತ್ತಿಗೆ, ಗುಡ್ಡದ ಮಣ್ಣು ನದಿಗೆ ಬಿದ್ದ ರಭಸಕ್ಕೆ ನೀರು ಉಕ್ಕಿ ಆಚೆ ದಡದ ಉಳವರೆಯಲ್ಲಿ ಮನೆಗಳು ಕೊಚ್ಚಿಹೋಗಿದ್ದವು. ಅತ್ತ ತಿರುಗಿದ ಕ್ಯಾಮೆರಾಗಳು ಕಡಿಮೆ. ಬಿಟ್ಟುಹೋದ ಸುದ್ದಿಗೆ ತಿದ್ದುಪಡಿಯ ಚೌಕವೂ ಇಲ್ಲ.

ನಂಬಿಕೆಯನ್ನು ಅಳೆಯುವ ಸಮೀಕ್ಷೆಗಳೂ ಇವೆ. ಪತ್ರಿಕೋದ್ಯಮದ ಅಧ್ಯಯನ ನಡೆಸುವ ರಾಯಿಟರ್ಸ್ ಇನ್‌ಸ್ಟಿಟ್ಯೂಟಿನ 2024ರ ವರದಿಯಲ್ಲಿ ಸುದ್ದಿಯನ್ನು ನಂಬುತ್ತೇವೆ ಎಂದ ಭಾರತೀಯರು ಶೇ 41. ಅವರು ಕೇಳಿದ್ದು ಇಂಗ್ಲಿಷ್ ಬಲ್ಲ, ಇಂಟರ್‌ನೆಟ್ ಬಳಸುವವರನ್ನು. ಯಲ್ಲಾಪುರದ ಬಸ್‌ಸ್ಟ್ಯಾಂಡಿನಲ್ಲಿ ಪೇಪರ್ ಓದುವವನ ಲೆಕ್ಕ ಅದರಲ್ಲಿಲ್ಲ.

ಈಗ ತಾಲ್ಲೂಕಿಗೆ ಹತ್ತಾರು ಯೂಟ್ಯೂಬ್ ವಾಹಿನಿಗಳು, ವಾಟ್ಸ್‌ಆ್ಯಪ್ ಸುದ್ದಿ ಗುಂಪುಗಳು. 2021ರ ಐಟಿ ನಿಯಮಗಳ ಪ್ರಕಾರ ಡಿಜಿಟಲ್ ಸುದ್ದಿ ಪ್ರಕಾಶಕರು ಕುಂದುಕೊರತೆ ಅಧಿಕಾರಿಯನ್ನು ಹೆಸರಿಸಿ, ದೂರನ್ನು 15 ದಿನದಲ್ಲಿ ತೀರ್ಮಾನಿಸಬೇಕು. ನಮ್ಮ ಗುಂಪುಗಳಲ್ಲಿ ಇರುವುದು ಒಂದೇ ಮೊಬೈಲ್ ನಂಬರು: ಸುದ್ದಿಗೂ ಅದೇ, ಜಾಹೀರಾತಿಗೂ ಅದೇ, ದೂರಿಗೂ ಅದೇ. ತಪ್ಪು ತೋರಿಸಿದರೆ ಪೋಸ್ಟನ್ನು ಸದ್ದಿಲ್ಲದೆ ಅಳಿಸುತ್ತಾರೆ. ಎಲ್ಲರ ಫೋನಿನಿಂದಲೂ ಅಳಿಸಲು ವಾಟ್ಸ್‌ಆ್ಯಪ್ ಎರಡು ದಿನಕ್ಕಿಂತ ತುಸು ಹೆಚ್ಚು ಸಮಯ ಕೊಡುತ್ತದೆ. ಬೇರೆ ಗುಂಪಿಗೆ ಫಾರ್ವರ್ಡ್ ಆಗಿ ಹೋದ ಪ್ರತಿಗಳು ಅದರಿಂದ ಅಳಿಯುವುದಿಲ್ಲ.