ಗಗನ ಮಹಲಿಗೆ ಗಾಲಿಕುರ್ಚಿ: ದೂರ ಕೇಳಬೇಡಿ, ಪಾವಟಿಗೆ ಎಣಿಸಿ

ವಿಜಯಪುರದ ಅರಮನೆಗಳನ್ನು ನೋಡಬೇಕೆಂದವರು ಮೊದಲು ವಿಚಾರಿಸುವುದು ಸ್ಟೇಷನ್‌ನಿಂದ ಎಷ್ಟು ದೂರ ಎಂದು. ಗಾಲಿಕುರ್ಚಿಯಲ್ಲಿ ಬರುವವರಿಗೆ ದೂರ ದೊಡ್ಡ ಮಾತಲ್ಲ, ಆಟೊ ಸಿಗುತ್ತದೆ. ಪಾವಟಿಗೆ ಎಷ್ಟು, ಒಂದೊಂದು ಎಷ್ಟು ಎತ್ತರ, ಗೇಟಿನಿಂದ ಕಟ್ಟಡದವರೆಗೆ ನೆಲ ಎಂಥದ್ದು ಎಂಬುದನ್ನು ಕೇಳಬೇಕು. "ಎರಡ ಮೂರ ಅದಾವ್ರಿ, ಎತ್ತಿಕೊಂಡ ಹೋಗೂಣಂತ" ಎಂಬ ಉತ್ತರವನ್ನು ನಂಬಿ ಹೊರಡಬೇಡಿ. ಹೇಳಿದವರ ಮನಸ್ಸು ಒಳ್ಳೆಯದೇ. ಆದರೆ ನಡೆಯುವವರ ಕಣ್ಣಿಗೆ ಮೂರು ಪಾವಟಿಗೆ ಬೀಳುವುದೇ ಇಲ್ಲ, ಹೊಸ್ತಿಲಂತೂ ಲೆಕ್ಕಕ್ಕೇ ಇಲ್ಲ. ಊರಲ್ಲಿ ಪರಿಚಯದವರಿದ್ದರೆ ಗೇಟು, ದಾರಿ, ಪಾವಟಿಗೆಗಳ ನಾಲ್ಕು ಫೋಟೊ ತರಿಸಿಕೊಂಡರೆ ಅರ್ಧ ಕೆಲಸ ಮುಗಿಯಿತು.

ಈ ಊರಿನ ಅರಮನೆಗಳಲ್ಲಿ ಗಾಲಿಕುರ್ಚಿಯವರಿಗೆ ಅನುಕೂಲವಾದ ಒಂದು ಸಂಗತಿಯಿದೆ: ಬಹುಪಾಲನ್ನು ಹೊರಗಿನಿಂದಲೇ ನೋಡಬಹುದು. ಒಂದನೇ ಅಲಿ ಆದಿಲ್ ಶಾ ಸುಮಾರು 1561ರಲ್ಲಿ ಕಟ್ಟಿಸಿದ ಗಗನ ಮಹಲಿನಲ್ಲಿ ಕೆಳಗೆ ದರ್ಬಾರು, ಮೇಲೆ ರಾಜಪರಿವಾರದ ವಾಸ. ಆ ಮೇಲಂತಸ್ತು ಕಟ್ಟಿಗೆಯದು. ಈಗ ಅದೂ ಇಲ್ಲ, ಛಾವಣಿಯೂ ಇಲ್ಲ. ಉಳಿದಿರುವುದು ಮೂರು ಕಮಾನುಗಳ ಮುಂಭಾಗ. ನಡುವಿನ ಕಮಾನಿನ ಅಗಲವೇ 60 ಅಡಿಗೂ ಹೆಚ್ಚು, ಅಕ್ಕಪಕ್ಕದವು ಎತ್ತರದಲ್ಲಿ ಅದಕ್ಕೆ ಸಮ, ಅಗಲದಲ್ಲಿ ತೀರಾ ಕಿರಿದು. ಇಷ್ಟು ದೊಡ್ಡದನ್ನು ಹತ್ತಿರ ನಿಂತು ನೋಡಿದರೆ ಕುತ್ತಿಗೆ ನೋಯುತ್ತದೆಯೇ ಹೊರತು ಕಮಾನಿನ ಪ್ರಮಾಣ ತಿಳಿಯುವುದಿಲ್ಲ. ಮುಂದಿನ ಬಯಲಿನಲ್ಲಿ ಸಾಕಷ್ಟು ಹಿಂದೆ ಕುರ್ಚಿ ನಿಲ್ಲಿಸಿದವರಿಗೆ ಮೂರೂ ಒಟ್ಟಿಗೆ ಕಾಣುತ್ತವೆ. 1686ರಲ್ಲಿ ಸೋತ ಸಿಕಂದರ್ ಆದಿಲ್ ಶಾನನ್ನು ಬೆಳ್ಳಿಯ ಸಂಕೋಲೆಯಲ್ಲಿ ಔರಂಗಜೇಬನ ಮುಂದೆ ತಂದದ್ದು ಇಲ್ಲಿಯೇ ಎಂದು ಹೇಳುತ್ತಾರೆ.

ಅರಕಿಲ್ಲೆ ಎಂಬ ಒಳಕೋಟೆಯಲ್ಲಿ ಸರ್ಕಾರಿ ಕಚೇರಿಗಳೂ ಇರುವುದರಿಂದ ಡಾಂಬರು ರಸ್ತೆಯಿದೆ. ಏಳು ಅಂತಸ್ತಿನದಾಗಿತ್ತೆಂದು ಹೆಸರೇ ಹೇಳುವ ಸಾತ್ ಮಂಜಿಲಿನ ಉಳಿದ ಭಾಗವನ್ನೂ ಅದರ ಎದುರಿನ ಪುಟ್ಟ ಜಲ ಮಂಜಿಲನ್ನೂ ರಸ್ತೆಯ ಮೇಲಿಂದಲೇ ನೋಡಬಹುದು. ಜಲ ಮಂಜಿಲಿನ ಸುತ್ತ ಹಿಂದೆ ನೀರಿತ್ತು, ಆಗಲೂ ಅದು ದೂರದಿಂದ ನೋಡುವ ಕಟ್ಟಡವೇ.

ತೊಡಕು ಇರುವುದು ರಸ್ತೆ ಬಿಟ್ಟ ಮೇಲೆ. ಕುರ್ಚಿಯ ಮುಂದಿನ ಚಿಕ್ಕ ಗಾಲಿಗಳು ಹುಲ್ಲಿನಲ್ಲಿ, ಖಡಿಯಲ್ಲಿ, ಫರಸಿಯ ಸಂದಿನಲ್ಲಿ ಸಿಕ್ಕಿಬೀಳುತ್ತವೆ. ಹಿಂದಿನಿಂದ ಜೋರಾಗಿ ತಳ್ಳಿದರೆ ಗಾಲಿ ಅಲ್ಲೇ ನಿಂತು ಕುಳಿತವರು ಮುಂದಕ್ಕೆ ಮುಗ್ಗರಿಸುತ್ತಾರೆ. ಬೀಳುವುದು ಹೀಗೆಯೂ ಉಂಟು, ಪಾವಟಿಗೆಯ ಮೇಲೆ ಮಾತ್ರವಲ್ಲ. ತಳ್ಳುವವರು ಹಿಂಬದಿಯಲ್ಲಿ ನೆಲದ ಹತ್ತಿರ ಚಾಚಿಕೊಂಡಿರುವ ಕೊಳವೆಯನ್ನು ಕಾಲಿನಿಂದ ಒತ್ತಿ, ಹಿಡಿಗಳನ್ನು ತಮ್ಮತ್ತ ಬಾಗಿಸಿ, ಮುಂದಿನ ಗಾಲಿ ನೆಲ ಬಿಡುವಂತೆ ಮಾಡಿ ದೊಡ್ಡ ಗಾಲಿಗಳ ಮೇಲೆಯೇ ದಾಟಿಸಬೇಕು. ಅಷ್ಟು ಕಷ್ಟವೆನಿಸಿದರೆ ಕುರ್ಚಿ ತಿರುಗಿಸಿ ಹಿಂದಕ್ಕೆ ಎಳೆದುಕೊಂಡು ಹೋಗುವುದು ಮೇಲು. ಮಳೆಯಾದ ಮರುದಿನ ಮಣ್ಣಿನ ದಾರಿಗೆ ಇಳಿಯಲೇಬೇಡಿ. ನಮ್ಮ ಎರೆಮಣ್ಣು ಗಾಲಿಗೂ ಚೌಕಟ್ಟಿಗೂ ನಡುವೆ ಮೆತ್ತಿಕೊಂಡರೆ ಬ್ರೇಕ್ ಹಿಡಿಯುವುದಿಲ್ಲ, ಒಣಗಿದ ಮೇಲೆ ಗಾಲಿ ತಿರುಗುವುದಿಲ್ಲ.

ಪಾವಟಿಗೆ ಏರಿಸಲೇಬೇಕಾದರೆ ಇಬ್ಬರು ಬೇಕು, ಬಲವಾದವರು ಹಿಂದೆ. ಕುರ್ಚಿಯ ಬೆನ್ನು ಪಾವಟಿಗೆಯ ಕಡೆಗಿರಲಿ. ದೊಡ್ಡ ಗಾಲಿ ಕಲ್ಲಿಗೆ ತಾಗಿದ ಮೇಲೆ ಕುರ್ಚಿಯನ್ನು ಹಿಂದಕ್ಕೆ ವಾಲಿಸಿ, ಒಂದು ಎರಡು ಮೂರು ಎಂದು ಗಟ್ಟಿಯಾಗಿ ಎಣಿಸಿ, ಒಂದೊಂದೇ ಪಾವಟಿಗೆ ಉರುಳಿಸುತ್ತಾ ಏರಿಸಿ. ಮುಂದೆ ನಿಂತವರು ಮುಖ್ಯ ಚೌಕಟ್ಟನ್ನೇ ಹಿಡಿಯಬೇಕು. ಕೈಯಾಸರೆ, ಪಾದದ ಹಲಗೆ ಕಳಚಿ ಬರುವ ಭಾಗಗಳು. ಅವುಗಳನ್ನು ಹಿಡಿದು ಎತ್ತಿದರೆ ಅವು ಕೈಯಲ್ಲೇ ಉಳಿದು ಕುರ್ಚಿ ಕೆಳಗೆ ಹೋಗುತ್ತದೆ. ಇಳಿಸುವಾಗ ಕುರ್ಚಿಯ ಮುಖ ಇಳಿಯುವ ದಿಕ್ಕಿಗೆ, ಹಿಂದಕ್ಕೆ ವಾಲಿಸಿಯೇ. ಇಳಿಜಾರಿನಲ್ಲಿ ಮಾತ್ರ ಇದರ ತಿರುವುಮುರುವು: ರ‍್ಯಾಂಪ್ ಇಳಿಯುವಾಗ ತಳ್ಳುವವರು ಹಿಮ್ಮುಖವಾಗಿ ಇಳಿಯುತ್ತಾ ಕುರ್ಚಿಯನ್ನು ತಮ್ಮ ಮೈಗೆ ಆನಿಸಿಕೊಂಡಿರಬೇಕು. ಇವೆರಡನ್ನು ಅದಲುಬದಲು ಮಾಡುವವರೇ ಹೆಚ್ಚು. ಬ್ಯಾಟರಿ ಕುರ್ಚಿಯನ್ನು ಎತ್ತುವ ಮಾತೇ ಬೇಡ. ಆಟೊದಲ್ಲಿಯೂ ಅದು ಹಿಡಿಯುವುದಿಲ್ಲ. ಈ ಊರಿಗೆ ಮಡಚುವ ಕೈಕುರ್ಚಿಯೇ ಸರಿ. ಟಾಂಗಾ ಹತ್ತುವ ಆಸೆ ಯಾರಿಗಾದರೂ ಇರುತ್ತದೆ, ಆದರೆ ಅದರ ಮೆಟ್ಟು ಎತ್ತರ, ಕುದುರೆ ಒಂದು ಹೆಜ್ಜೆ ಸರಿದರೂ ಹಿಡಿತ ತಪ್ಪುತ್ತದೆ.

ಎಲ್ಲಿಂದಲೋ ಹಲಗೆ ತಂದು ಪಾವಟಿಗೆಗೆ ಆನಿಸುವುದು ಇನ್ನೊಂದು ಅಪಾಯ. ಒಂದು ಅಡಿ ಏರಲು 12 ಅಡಿ ಉದ್ದದ ಇಳಿಜಾರು ಬೇಕೆಂಬುದು ನಿಯಮ. 15 ಸೆಂ.ಮೀ. ಎತ್ತರದ ಮೂರು ಪಾವಟಿಗೆಗೆ 5.4 ಮೀಟರ್ ಆಯಿತು. ಎರಡು ಮೀಟರ್ ಹಲಗೆ ಇಟ್ಟರೆ ಸುಮಾರು ನಾಲ್ಕೂವರೆ ಅಡಿಗೆ ಒಂದಡಿ ಏರಿದಂತೆ, ಕುರ್ಚಿ ಹಿಂದಕ್ಕೆ ಮಗುಚಲು ಅಷ್ಟು ಸಾಕು.

ಮುಹಮ್ಮದ್ ಆದಿಲ್ ಶಾ 1646ರಲ್ಲಿ ನ್ಯಾಯಸಭೆಗೆಂದು ಕಟ್ಟಿಸಿದ ಅಸರ್ ಮಹಲ್ ಅರಕಿಲ್ಲೆಯ ಪೂರ್ವಕ್ಕಿದೆ. ಎತ್ತರದ ಕಟ್ಟಿಗೆ ಕಂಬಗಳ ಮುಂಭಾಗವೂ ಅದರ ಮುಂದಿನ ಕೊಳವೂ ಹೊರಗಿನಿಂದಲೇ ಕಾಣುತ್ತವೆ. ಚಿತ್ರವಿರುವ ಕೋಣೆಗಳು ಮೇಲಂತಸ್ತಿನಲ್ಲಿವೆ, ಅವುಗಳ ಆಸೆ ಬಿಡಬೇಕು. ಕೊಳದ ಬಳಿ ಫೋಟೊಗೆ ನಿಲ್ಲುವಾಗ ಎರಡೂ ಬ್ರೇಕ್ ಹಾಕಿ, ಕುರ್ಚಿಯನ್ನು ದಂಡೆಗೆ ಸಮಾನಾಂತರವಾಗಿ ಇಡಿ. ಪೈಗಂಬರರ ಪವಿತ್ರ ಅವಶೇಷ ಇರುವ ತಾಣವಿದು, ಚಪ್ಪಲಿ ಬಿಡುವ ಜಾಗದಲ್ಲಿ ಗಾಲಿಯ ಪ್ರಶ್ನೆ ಬಂದೇ ಬರುತ್ತದೆ. ಒದ್ದೆ ಬಟ್ಟೆ ತಂದು ಅಲ್ಲಿಯವರೆದುರೇ ಗಾಲಿ ಒರೆಸಿದರೆ ಮಾತು ಬೆಳೆಯುವುದಿಲ್ಲ.

ಗೋಳಗುಮ್ಮಟ ಅರಮನೆಯಲ್ಲ, ಆದರೂ ಬಂದವರು ಅದನ್ನು ಬಿಟ್ಟು ಹೋಗುವುದಿಲ್ಲ. ಪಿಸುಮಾತಿನ ಮೊಗಸಾಲೆಗೆ ಮೂಲೆಯ ಗೋಪುರದೊಳಗಿನ ಇಕ್ಕಟ್ಟಾದ ಸುತ್ತುಪಾವಟಿಗೆಯೇ ದಾರಿ, ಕುರ್ಚಿಗೆ ಅಲ್ಲಿ ಜಾಗವಿಲ್ಲ. ಯಾರನ್ನಾದರೂ ಬೆನ್ನ ಮೇಲೆ ಹೊತ್ತು ಏರುವ ಸಾಹಸ ಬೇಡ, ಇಳಿಯುವವರು ಎದುರಾದರೆ ಇಬ್ಬರಿಗೂ ಸರಿಯಲು ತಾವಿಲ್ಲ. ಗೇಟಿನಿಂದ ಗುಮ್ಮಟದವರೆಗಿನ ದಾರಿ ಉದ್ದ, ಅದರ ಮೇಲೆ ಎತ್ತರದ ಜಗತಿ. ಟಿಕೆಟ್ ಕೊಳ್ಳುವಾಗಲೇ ರ‍್ಯಾಂಪ್ ಇದೆಯೇ, ಇದ್ದರೆ ಯಾವ ಬದಿಗೆ, ಅಗಲದ ಗೇಟು ಯಾವುದು ಎಂದು ಕೇಳಿಕೊಳ್ಳಿ. ಕುರ್ಚಿ 65 ಸೆಂ.ಮೀ. ಅಗಲವಿದ್ದರೆ, ಗಾಲಿ ತಿರುಗಿಸುವ ಕೈಗಳೂ ಸೇರಿ 80 ಬೇಕಾಗುತ್ತದೆ.

ಬಿಸಿಲನ್ನು ಹಗುರವಾಗಿ ಎಣಿಸಬೇಡಿ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ಸಾಮಾನ್ಯ, ಕಪ್ಪು ಕಲ್ಲು ಸಂಜೆಯಾದರೂ ಕಾವು ಬಿಡುವುದಿಲ್ಲ. ಬೆನ್ನುಹುರಿಗೆ ಮೇಲ್ಭಾಗದಲ್ಲಿ ಪೆಟ್ಟಾದವರಿಗೆ ಪೆಟ್ಟಿನ ಕೆಳಗಿನ ಮೈ ಬೆವರುವುದಿಲ್ಲ. ಬೆವರಿಲ್ಲದೆ ಮೈ ತಣಿಯುವುದಿಲ್ಲ, ನೀರು ಎಷ್ಟು ಕುಡಿದರೂ ಅಷ್ಟೇ. ಅಂಥವರಿಗೆ ನೀರು ಸಿಂಪಡಿಸುವ ಬಾಟಲಿ, ಕುತ್ತಿಗೆಗೆ ಒದ್ದೆ ಟವೆಲ್ ಇರಲೇಬೇಕು. ತಲೆ ಸಿಡಿಯತೊಡಗಿದರೆ, ಮುಖ ಕೆಂಪಾದರೆ ತಕ್ಷಣ ನೆರಳಿಗೆ ಒಯ್ದು, ಮೂತ್ರದ ಚೀಲದ ನಳಿಕೆ ಮಡಚಿದೆಯೇ ಎಂದೂ ನೋಡಿ. ಮೂತ್ರ ಕಟ್ಟಿಕೊಂಡಿದ್ದರೆ ಆಗ ಏರುವುದು ಬಿಸಿಲಿನ ಕಾವಲ್ಲ, ರಕ್ತದ ಒತ್ತಡ ಇರಬಹುದು. ಕಾರಣ ಸಿಗದಿದ್ದರೆ, ಕಡಿಮೆಯಾಗದಿದ್ದರೆ ತಡಮಾಡದೆ ಆಸ್ಪತ್ರೆಗೆ. ಫರಸಿಯ ಮೇಲಿನ ಕುಲುಕಾಟದಿಂದ ಕಾಲು ಪಾದಹಲಗೆಯಿಂದ ಜಾರಿ ಉಜ್ಜುತ್ತದೆ, ಸ್ಪರ್ಶವಿಲ್ಲದವರಿಗೆ ರಕ್ತ ಕಂಡ ಮೇಲಷ್ಟೇ ಗೊತ್ತಾಗುವುದು. ಮೀನಖಂಡದ ಹಿಂದೆ ಪಟ್ಟಿ ಕಟ್ಟಿ. 15–20 ನಿಮಿಷಕ್ಕೊಮ್ಮೆ ಮುಂದಕ್ಕೆ ಬಾಗಿಸಿ ಅಥವಾ ಪಕ್ಕಕ್ಕೆ ವಾಲಿಸಿ ಪೃಷ್ಠದ ಮೇಲಿನ ಭಾರ ತಗ್ಗಿಸಬೇಕು. ಇದರಲ್ಲಿ ತಪ್ಪಿದರೆ ಒಂದು ದಿನದ ಪ್ರವಾಸಕ್ಕೆ ತಿಂಗಳುಗಟ್ಟಲೆ ಹುಣ್ಣು.

"ಹಳೆ ಕಟ್ಟಡರಿ, ಮುಟ್ಟಾಂಗಿಲ್ಲ" ಎಂಬುದು ರ‍್ಯಾಂಪ್ ಕೇಳಿದಾಗಲೆಲ್ಲ ಸಿಗುವ ಮಾತು. ಅದು ಅರ್ಧ ಮಾತ್ರ ನಿಜ. 1958ರ ಸ್ಮಾರಕ ಕಾಯ್ದೆಯಡಿ ಮೂಲ ಕಲ್ಲಿಗೆ ಕೈ ಹಚ್ಚುವಂತಿಲ್ಲ, ಸರಿ. ಆದರೆ ತನ್ನ ಕಾಲಿನ ಮೇಲೆಯೇ ನಿಂತ, ಕಲ್ಲಿಗೆ ಮೊಳೆ ಹೊಡೆಯದ, ಬೇಕಾದಾಗ ಎತ್ತಿಡಬಹುದಾದ ಕಟ್ಟಿಗೆಯ ರ‍್ಯಾಂಪ್‌ನಿಂದ ಕಲ್ಲಿಗೆ ಗಾಯವಾಗುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇರುವ ಸಾರ್ವಜನಿಕ ಕಟ್ಟಡಗಳನ್ನೂ ಎಲ್ಲರೂ ಬಳಸುವಂತೆ ಮಾಡಲು ನಿಯಮ ಬಂದ ದಿನದಿಂದ ಐದು ವರ್ಷ ಕೊಟ್ಟಿತ್ತು, ನಿಯಮ ಬಂದದ್ದು 2017ರಲ್ಲಿ, ಆ ಗಡುವು ಮುಗಿದಿದೆ. ಹಾಗಾಗಿ ಅರ್ಜಿ ಕೊಡಿ, ಕೇಂದ್ರದ ಪುರಾತತ್ವ ಇಲಾಖೆಗೆ ಒಂದು, ಕೇಂದ್ರದ ಅಂಗವಿಕಲರ ಮುಖ್ಯ ಆಯುಕ್ತರಿಗೆ ಇನ್ನೊಂದು. ಅದರಲ್ಲಿ "ತುಂಬಾ ತೊಂದರೆಯಾಗುತ್ತಿದೆ" ಎಂದು ಬರೆಯುವ ಬದಲು ಯಾವ ಬಾಗಿಲು, ಎಷ್ಟು ಪಾವಟಿಗೆ, ಒಟ್ಟು ಎಷ್ಟು ಸೆಂ.ಮೀ. ಏರು, ಎದುರಿಗೆ ಎಷ್ಟು ಮೀಟರ್ ಖಾಲಿ ಜಾಗ ಎಂದು ಬರೆದು, ಪಾವಟಿಗೆಯ ಪಕ್ಕ ಟೇಪು ಹಿಡಿದು ತೆಗೆದ ಫೋಟೊ ಲಗತ್ತಿಸಿ.