ಹತ್ತು ಅಕ್ಷರದಲ್ಲಿ ಉಳಿದ ಜಿಯೆ ಭಾಷೆ

ಕ್ರಿ.ಶ. 328. ಚೀನಾದ ಲುವೊಯಾಂಗ್ ನಗರಕ್ಕೆ ಲಿಯು ಯಾವೊ ಎಂಬ ರಾಜ ಮುತ್ತಿಗೆ ಹಾಕಿದ್ದ. ಅವನ ಎದುರಾಳಿ ಶಿ ಲೆ ತಾನೇ ಸೇನೆ ಕರೆದುಕೊಂಡು ಹೊರಡಲು ಸಿದ್ಧನಾದ. ಬೇಡ ಅಂದರು ಮಂತ್ರಿಗಳು. ಆಗ ಅವನು ಬೌದ್ಧ ಭಿಕ್ಷು ಫೋತುಚೆಂಗ್‌ನನ್ನು ಕೇಳಿದ. ಗೋಪುರದ ಗಂಟೆಯ ಸದ್ದು ಹೀಗೆ ನುಡಿಯುತ್ತಿದೆ ಅಂತ ಭಿಕ್ಷು ಎರಡು ಸಾಲು ಹೇಳಿದ. 'ಸೇನೆ ಹೊರಟರೆ ಲಿಯು ಯಾವೊ ಸೆರೆ ಸಿಗುತ್ತಾನೆ' ಎಂಬುದು ಅದರ ತಾತ್ಪರ್ಯ. ಹಾಗೇ ಆಯಿತು.

ಆ ಸಾಲುಗಳು ಚೀನೀ ಭಾಷೆಯವಲ್ಲ, ಜಿಯೆ ಭಾಷೆಯವು. ಜಿಯೆ ಜನರನ್ನು ಶಿಯೊಂಗ್ನು ಬುಡಕಟ್ಟಿನ ಬೇರೊಂದು ಕವಲು ಅಂತ ಚೀನೀ ಚರಿತ್ರೆಗಳು ಕರೆಯುತ್ತವೆ. ಈಗಿನ ಶಾನ್ಶಿ ಪ್ರಾಂತ್ಯದ ಬೆಟ್ಟಗಳಲ್ಲಿ ಅವರ ವಾಸ. ಶಿ ಲೆ ಅವರಲ್ಲೊಬ್ಬ. ಹರೆಯದಲ್ಲಿ ಗುಲಾಮನಾಗಿ ಮಾರಾಟವಾದವನು 319ರಲ್ಲಿ ರಾಜ್ಯವನ್ನೇ ಕಟ್ಟಿದ. ಓದು ಬರಹ ಬಾರದಿದ್ದರೂ ಚರಿತ್ರೆಯನ್ನು ಬೇರೆಯವರಿಂದ ಓದಿಸಿ ಕೇಳುತ್ತಿದ್ದ.

ಅವನು ಸತ್ತ ಹದಿನೇಳು ವರ್ಷಕ್ಕೇ ಎಲ್ಲ ಮುಗಿಯಿತು. ರಾನ್ ಮಿನ್ ಎಂಬ ಸೇನಾಪತಿ ಜಿಯೆ ಜನರನ್ನು ಕೊಲ್ಲಲು ಆಜ್ಞೆ ಹೊರಡಿಸಿದ. ಸತ್ತವರು 2 ಲಕ್ಷಕ್ಕೂ ಜಾಸ್ತಿ ಅನ್ನುತ್ತದೆ ದಾಖಲೆ. ಜಿಯೆ ಅಲ್ಲದಿದ್ದರೂ ಎತ್ತರದ ಮೂಗು, ದಟ್ಟ ಗಡ್ಡ ಇದ್ದವರೂ ಸುಮ್ನೆ ಬಲಿಯಾದರು. ಓದುವಾಗ ಕರುಳು ಕಿವುಚುತ್ತದೆ.

ಜಿಯೆ ಭಾಷೆಯಲ್ಲಿ ನಮಗೆ ಸಿಕ್ಕಿರುವ ವಾಕ್ಯ ಭಿಕ್ಷು ಹೇಳಿದ ಅದೊಂದೇ. 7ನೇ ಶತಮಾನದಲ್ಲಿ ಬರೆದ ಜಿನ್ ರಾಜವಂಶದ ಚರಿತ್ರೆಯಲ್ಲಿ ಅದು ಹತ್ತು ಚೀನೀ ಅಕ್ಷರಗಳಲ್ಲಿದೆ. ಜೊತೆಗೆ ಪದಗಳ ಅರ್ಥವೂ ಇದೆ, ಅದೇ ಪುಣ್ಯ! ಈಗಿನ ಉಚ್ಚಾರದಲ್ಲಿ ಮೊದಲ ಸಾಲಿನ ಕೊನೆ 'ತಿ ಲಿ ಗಾಂಗ್', ಅಂದರೆ ಹೊರಡು. ಆದರೆ ಅಕ್ಷರ ಅದೇ ಇದ್ದರೂ ಉಚ್ಚಾರ ಬದಲಾಗುತ್ತದೆ. ನಮ್ಮ ಹಳಗನ್ನಡದ 'ಪಾಲ್' ಈಗ 'ಹಾಲು' ಆಗಿಲ್ವಾ? ಹಾಗಾಗಿ ಮೊದಲು ಆ ಕಾಲದ ಚೀನೀ ಉಚ್ಚಾರವನ್ನು ಊಹಿಸಬೇಕು, ಆಮೇಲೆ ಅದರೊಳಗಿನ ಜಿಯೆ ಮಾತನ್ನು ಹುಡುಕಬೇಕು.

ಸೇನೆಗೆ ಹಳೆಯ ತುರ್ಕಿಕ್ (ಈಗಿನ ಟರ್ಕಿ ಭಾಷೆಯ ಬಳಗ) ಭಾಷೆಯಲ್ಲಿ 'ಸ್ಯು' ಎಂಬ ಪದವಿದೆ. ಸಾಲಿನ ಮೊದಲ ಪದದ ಅರ್ಥವೂ ಸೇನೆಯೇ. ಅದಕ್ಕೇ ಇದು ತುರ್ಕಿಕ್ ಅಂತ ಕೆಲವರು ವಾದಿಸಿದರು. ಭಾಷಾತಜ್ಞ ಅಲೆಕ್ಸಾಂಡರ್ ವೋವಿನ್ 2000ದಲ್ಲಿ ಬೇರೆ ದಿಕ್ಕು ತೋರಿಸಿದರು: ಸೈಬೀರಿಯಾದ ಯೆನಿಸೇ ನದಿ ಕಡೆಯ ಭಾಷೆಗಳು. ಪದಕ್ಕಿಂತ ಕ್ರಿಯಾಪದದ ಕಟ್ಟಣೆ ನೋಡಿದ್ದು ಅವರ ವಾದದ ಬಲ ಅಂತ ನನಗನಿಸುತ್ತದೆ. ಪದವನ್ನು ಯಾರಾದರೂ ಸಾಲ ತರಬಹುದು, ಕ್ರಿಯಾಪದ ಕಟ್ಟುವ ರೀತಿಯನ್ನು ಅಷ್ಟು ಸುಲಭವಾಗಿ ತರಲಾಗದು. 2016ರಲ್ಲಿ ವೋವಿನ್ ಮತ್ತು ಅವರ ಜೊತೆಗಾರರು ಪುಂಪೊಕೋಲ್ ಭಾಷೆಯೇ ಅದರ ಹತ್ತಿರದ ನಂಟ ಅಂದರು. ಪುಂಪೊಕೋಲ್ ಕೂಡ ಈಗಿಲ್ಲ. ಯೆನಿಸೇ ಸೀಮೆಯಲ್ಲಿ 18ನೇ ಶತಮಾನದಲ್ಲಿ ಬರೆದಿಟ್ಟ ಪದಪಟ್ಟಿಗಳಲ್ಲಿ ಮಾತ್ರ ಇದೆ.